ಮಧ್ಯಾಹ್ನ ಭಿಕ್ಷೆಗೆ ಬರುವ ಯತಿ



ಐರ್ಲೆಂಡಿನ ಹಳೆಯ ಕ್ರೈಸ್ತ ಮಠಗಳಲ್ಲಿ ಸತ್ತ ಸಂನ್ಯಾಸಿಯೊಬ್ಬ ರಾತ್ರಿ ಓಡಾಡುತ್ತಾನೆ ಎಂಬಂಥ ಕಥೆಗಳನ್ನು ನೀವು ಕೇಳಿರಬಹುದು. 16ನೇ ಶತಮಾನದಲ್ಲಿ ದೊರೆ ಎಂಟನೇ ಹೆನ್ರಿ ಅಲ್ಲಿ ಅನೇಕ ಮಠಗಳನ್ನು ಮುಚ್ಚಿಸಿದ. ಪಾಳುಬಿದ್ದ ಗೋಡೆಗಳ ನಡುವೆ ಜನಕ್ಕೆ ದೆವ್ವ ಕಂಡಿತು. ಆಳಂದ, ಅಫಜಲಪುರ, ಜೇವರ್ಗಿಯ ಜನಕ್ಕೂ ಕಣ್ಣಿಗೆ ಕಾಣದ ಒಬ್ಬ ಯತಿ ಇದ್ದಾರೆ. ಆದರೆ ಅವರು ಬರುವುದು ಮಟಮಟ ಮಧ್ಯಾಹ್ನ. ಹೆದರಿಸಲು ಅಲ್ಲ, ಭಿಕ್ಷೆ ಬೇಡಲು.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ ನಿಮಗೆ ಹೊಸದಲ್ಲ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಇಲ್ಲಿ ಭೀಮೆಯನ್ನು ಕೂಡುತ್ತದೆ. ಭಕ್ತರು ದತ್ತಾತ್ರೇಯನ ಅವತಾರವೆಂದು ನಂಬುವ ನರಸಿಂಹ ಸರಸ್ವತಿಯವರು 15ನೇ ಶತಮಾನದಲ್ಲಿ ಇಲ್ಲಿ ನೆಲೆಸಿದ್ದರು. ಕೊನೆಗೆ ಪಾದುಕೆಗಳನ್ನು ಇಲ್ಲಿ ಬಿಟ್ಟು ಶ್ರೀಶೈಲದ ಕದಳೀವನಕ್ಕೆ ಹೊರಟರು. ಆದರೂ ದಿನವೂ ಗುಪ್ತವಾಗಿ ಸಂಗಮದಲ್ಲಿ ಮಿಂದು, ಮಧ್ಯಾಹ್ನ ಊರಲ್ಲಿ ಭಿಕ್ಷೆ ಎತ್ತುತ್ತಾರೆಂಬುದು ನಂಬಿಕೆ. ಯಾವ ವೇಷದಲ್ಲಿ ಬರುತ್ತಾರೋ ಯಾರು ಬಲ್ಲರು? ಅದಕ್ಕೇ ಆ ಹೊತ್ತಿನಲ್ಲಿ ಕೈಯೊಡ್ಡಿದವರಿಗೆ ಇಲ್ಲವೆನ್ನಬಾರದು. ಭಕ್ತರೂ ಐದು ಮನೆ ಮಧುಕರಿ ಬೇಡಿ ಉಣ್ಣುತ್ತಾರೆ.

ಈ ಮಠಕ್ಕೂ ದೆವ್ವದ ಕಥೆಯುಂಟು. ಸರಸ್ವತಿ ಗಂಗಾಧರ ಮರಾಠಿಯಲ್ಲಿ ಬರೆದ ‘ಗುರುಚರಿತ್ರೆ’ಯ ಪ್ರಕಾರ, ಊರಲ್ಲಿ ಬ್ರಹ್ಮರಾಕ್ಷಸನಿಗೆ ಹೆದರಿ ಜನ ಬಿಟ್ಟಿದ್ದ ಮನೆಯೊಂದಿತ್ತು. ಗುರುಗಳು ಅವನನ್ನು ಹೊಡೆಯಲಿಲ್ಲ, ಕಟ್ಟಿಹಾಕಲಿಲ್ಲ. ಸಂಗಮದಲ್ಲಿ ಮಿಂದರೆ ಮುಕ್ತಿ ಎಂದು ದಾರಿ ತೋರಿದರು. ಆ ಜಾಗವೇ ಮಠವಾಯಿತು.

ಇಂದಿಗೂ ‘ಗಾಳಿ ಬಡಿದವರು’ ಎಂದು ಹಲವರನ್ನು ಇಲ್ಲಿಗೆ ಕರೆತರುತ್ತಾರೆ. ಆರತಿಯ ಹೊತ್ತಿಗೆ ಕೆಲವರು ಚೀರುತ್ತಾರೆ, ಕೆಲವರು ಕಂಬ ಹತ್ತುತ್ತಾರೆ. ಇಂಥ ಲಕ್ಷಣಗಳ ಹಿಂದೆ ಮನೋರೋಗವೋ ಮೂರ್ಛೆರೋಗವೋ ಇರಬಹುದು, ಎರಡಕ್ಕೂ ಔಷಧವಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಕರ್ನಾಟಕದ 2017ರ ಮೌಢ್ಯಾಚರಣೆ ತಡೆ ಕಾಯ್ದೆಯಡಿ ಅಪರಾಧ. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಕೇಂದ್ರದ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ನಂಬಿಕೆ ಬಿಡಿ ಎಂದು ಹೇಳಲು ನಾನು ಬಂದಿಲ್ಲ. ಪಾದುಕೆಗಳ ದರ್ಶನ ಮಾಡಿಸಿ. ಜೊತೆಗೇ ಕಲಬುರಗಿಯ ಸರ್ಕಾರಿ ಆಸ್ಪತ್ರೆಗೂ ಕರೆದೊಯ್ಯಿರಿ. ಯತಿ ಯಾವ ವೇಷದಲ್ಲಾದರೂ ಬರಬಹುದು ಎಂದು ನಂಬುವ ನಾವು, ನರಳುತ್ತ ಬಂದ ರೋಗಿಯನ್ನು ಮಾತ್ರ ದೆವ್ವವೆಂದು ಏಕೆ ಕಾಣಬೇಕು?