ಎಚ್‌ಐವಿ ಪರೀಕ್ಷೆ: ಬಸುರಿ ಹೆಂಗಸರು ಯಾಕೆ ಹಿಂಜರಿಯುತ್ತಾರೆ?



ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಕನ್ನಡದ ಕೆಲಸಕ್ಕೆ ಸೇರಿದ ಕಡೆ ಎಚ್‌ಐವಿ ಮಾತು ಯಾಕೆ ಅಂತ ನಿಮಗೆ ಅನ್ನಿಸಬಹುದು. ಇದೂ ಕನ್ನಡದ ಕೆಲಸವೇ. ಹೇಗೆ ಅಂತ ಕೊನೆಗೆ ಹೇಳುತ್ತೇನೆ.

ಇಲ್ಲಿ ಅಮೆರಿಕದಲ್ಲಿ ನಮ್ಮ ಹೆಣ್ಣುಮಕ್ಕಳು ಬಸುರಿಯಾದಾಗ ಉಳಿದ ರಕ್ತಪರೀಕ್ಷೆಗಳ ಜೊತೆ ಎಚ್‌ಐವಿ ಪರೀಕ್ಷೆಯೂ ಆಗಿಹೋಗುತ್ತದೆ. ಬೇಡ ಎಂದವರನ್ನು ಬಿಟ್ಟು ಎಲ್ಲ ಗರ್ಭಿಣಿಯರಿಗೂ ಮಾಡಿ ಎಂದು ಸಿಡಿಸಿ 2006ರಲ್ಲಿ ಶಿಫಾರಸು ಮಾಡಿತ್ತು. ಎಲ್ಲರಿಗೂ ಮಾಡುವುದರಿಂದ ಯಾರ ಮೇಲೂ ಅನುಮಾನದ ಪ್ರಶ್ನೆ ಬರುವುದಿಲ್ಲ.

ನಮ್ಮ ನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ಉಚಿತ. ಸೋಂಕಿರುವ ತಾಯಿಗೆ ಚಿಕಿತ್ಸೆ ಸಿಗದಿದ್ದರೆ, ಎದೆಹಾಲು ಕುಡಿಸುವ ಕಾಲವೂ ಸೇರಿ, 100ರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ದಾಟಬಹುದು. ಎಆರ್‌ಟಿ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಮಾತ್ರೆಯೂ ಉಚಿತ. ಹಾಗಿದ್ದೂ ಕೆಲವರು ಯಾಕೆ ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ?

"ತಿಳುವಳಿಕೆ ಇಲ್ಲ" ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಎಷ್ಟೋ ಸಲ ಆಕೆಗೆ ಚೆನ್ನಾಗಿ ತಿಳಿದಿರುವುದೇ ಕಾರಣ. ಮನೆಯಲ್ಲಿ ಮೊದಲು ಪರೀಕ್ಷೆ ಆಗುವುದು ಸೊಸೆಗೆ. ಸೋಂಕು ಗಂಡನಿಂದಲೇ ಬಂದಿದ್ದರೂ ಮೊದಲು ಹೊರಬೀಳುವುದು ಅವಳ ಹೆಸರು. "ಇವಳೇ ತಂದಳು" ಅಂತ ಅತ್ತೆಮನೆಯವರು ಅಂದರೆ ತುಂಬಿದ ಬಸುರಿ ಎಲ್ಲಿಗೆ ಹೋಗಬೇಕು? ಆ ಲೆಕ್ಕ ಅವಳಿಗೆ ಗೊತ್ತಿದೆ.

ಬೇರೆ ಕಾರಣಗಳೂ ಇವೆ. "ನಾನು ಮರ್ಯಾದಸ್ಥೆ, ನನಗ್ಯಾಕೆ ಈ ಪರೀಕ್ಷೆ" ಎನ್ನುವವರಿದ್ದಾರೆ. ತಾಲ್ಲೂಕು ಆಸ್ಪತ್ರೆಯ ಐಸಿಟಿಸಿ ಬಾಗಿಲಲ್ಲಿ ಊರವರು ಯಾರಾದರೂ ನೋಡಿಬಿಟ್ಟರೆ ಎಂಬ ಅಂಜಿಕೆ ಇದೆ. ಕೂಲಿಯವಳಿಗೆ ಆಸ್ಪತ್ರೆಗೆ ಹೋದ ದಿನದ ಕೂಲಿ ಇಲ್ಲ. ಇನ್ನು ನಮ್ಮ ತವರಿನ ಪದ್ಧತಿ. ತವರಲ್ಲಿ ಮಾಡಿಸುತ್ತಾರೆ ಅಂತ ಇವರು, ಗಂಡನ ಮನೆಯಲ್ಲಿ ಆಗಿರುತ್ತದೆ ಅಂತ ಅವರು. ನಡುವೆ ಪರೀಕ್ಷೆ ತಪ್ಪಿಹೋಗುತ್ತದೆ.

ಬಲವಂತ ಇದಕ್ಕೆ ಉತ್ತರವಲ್ಲ. 2017ರ ಎಚ್‌ಐವಿ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಪರೀಕ್ಷೆಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು, ಫಲಿತಾಂಶ ಗುಟ್ಟಾಗಿಡಬೇಕು, ಸೋಂಕಿತರಿಗೆ ಚಿಕಿತ್ಸೆ, ಕೆಲಸ, ಶಿಕ್ಷಣದಲ್ಲಿ ಭೇದ ಮಾಡಬಾರದು. ಈ ಹಕ್ಕು ತನಗಿದೆ ಅಂತ ಅವಳಿಗೆ ಯಾರು ಹೇಳಬೇಕು, ಯಾವ ಭಾಷೆಯಲ್ಲಿ ಹೇಳಬೇಕು?

ಕನ್ನಡದ ಪ್ರಶ್ನೆ ಬರುವುದು ಇಲ್ಲೇ. ನಮ್ಮ ಊರುಗಳ ಎಷ್ಟೋ ನರ್ಸಿಂಗ್ ಹೋಮ್‌ಗಳಲ್ಲಿ ಒಪ್ಪಿಗೆ ಪತ್ರವೂ ಇಂಗ್ಲಿಷ್, ರಿಪೋರ್ಟೂ ಇಂಗ್ಲಿಷ್. ಓದಲು ಬಾರದ ಕಾಗದಕ್ಕೆ ಹಾಕಿದ ಸಹಿ ಒಪ್ಪಿಗೆ ಹೇಗಾದೀತು? ಬ್ಯಾಂಕಿನ ಚಲನ್ ಕನ್ನಡದಲ್ಲಿರಲಿ ಅಂತ ಪತ್ರ ಬರೆಯುವ ನಾವು ಇದನ್ನೂ ಕೇಳಬೇಡವೇ?

ನನ್ನ ಕೋರಿಕೆ ಎರಡೇ. ಒಂದು, ಊರಲ್ಲಿ ನಿಮಗೆ ಗೊತ್ತಿರುವ ಡಾಕ್ಟರು, ನರ್ಸಿಂಗ್ ಹೋಮ್‌ಗಳಿಗೆ ಕನ್ನಡದ ಒಪ್ಪಿಗೆ ಪತ್ರ ಬೇಕೆಂದು ಬರೆಯಿರಿ. ಅನುವಾದಕ್ಕೆ, ಅಕ್ಷರ ಜೋಡಣೆಗೆ ನಾವು ಕೈಜೋಡಿಸೋಣ. ಎರಡು, ಮನೆಗೆ ಫೋನ್ ಮಾಡಿದಾಗ ತಮ್ಮನ ಹೆಂಡತಿ ಬಸುರಿ ಅಂತ ತಿಳಿದರೆ ತಮ್ಮನಿಗೇ ಹೇಳಿ: "ನೀನೂ ಜೊತೆಗೆ ಹೋಗು, ಇಬ್ಬರೂ ಒಂದೇ ದಿನ ರಕ್ತ ಕೊಡಿ." ಗಂಡನೂ ತೋಳು ಚಾಚಿ ಪಕ್ಕದಲ್ಲಿ ಕೂತರೆ ಅವಳ ಅರ್ಧ ಹೆದರಿಕೆ ಅಲ್ಲೇ ಕಳೆಯುತ್ತದೆ.

 ಸಿರಿಗನ್ನಡಂ ಗೆಲ್ಗೆ.