ಹಾವು ಮೊಸಳೆಗಳ ನೆರೆಯಲ್ಲಿ ನಮ್ಮ ವಾಸ

(ಮಳೆಗಾಲಕ್ಕೆ ಮುಂಚೆ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ವಾರದ ರಜೆ ಇವುಗಳ ಮಾತು ನಡೆಯುವ ಈ ವೇದಿಕೆಯಲ್ಲಿ ಇಂದು ಹಾವು ಮೊಸಳೆಗಳ ಮಾತೇಕೆ ಎಂದು ಹಿರಿಯರು ಕೇಳಬಹುದು. ಮುಂಬಯಿಯಂಥ ಶಹರದಲ್ಲಿ ಮೊಸಳೆಯೇ ಎಂದು ಊರಿನಿಂದ ಹೊಸತಾಗಿ ಬಂದ ಹುಡುಗರು ನಗಲೂಬಹುದು. ನಗುವವರು ಒಂದು ದಿನ ಬಿಡುವು ಮಾಡಿಕೊಂಡು ಪೊವಾಯಿ ಕೆರೆಯ ದಂಡೆಗೆ ಹೋಗಿ ನಿಂತು ನೋಡಲಿ. ಚಳಿಗಾಲದ ಬೆಳಿಗ್ಗೆ ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿರುವ ಮರದ ದಿಮ್ಮಿಗೆ ಬಾಲ ಇದೆಯೇ ಇಲ್ಲವೇ ಎಂಬುದನ್ನು ಅವರೇ ಹೇಳುತ್ತಾರೆ.

ಈ ಶಹರದ ನೆಲ ಎಂಥದು ಎಂಬುದನ್ನು ನಾವು ಮರೆತಿದ್ದೇವೆ. ಏಳು ದ್ವೀಪಗಳ ನಡುವಿನ ನೀರನ್ನೂ ಕೆಸರನ್ನೂ ಮಣ್ಣು ಹಾಕಿ ತುಂಬಿದ್ದರಿಂದ ಮುಂಬಯಿ ಆಯಿತು. ಹದಿನೆಂಟನೆಯ ಶತಮಾನದಲ್ಲಿ ವರಳಿಯ ಕಡೆ ಸಮುದ್ರಕ್ಕೆ ಒಡ್ಡು ಕಟ್ಟಿದ ಮೇಲೆ ನಡುವಣ ಜೌಗು ಒಣಗುತ್ತ ಬಂತು. ಉಪನಗರಗಳ ಕಡೆ ಈಗಲೂ ಜೌಗು ಜೌಗಾಗಿಯೇ ಉಳಿದಿದೆ. ವಿಹಾರ್ ಮತ್ತು ಪೊವಾಯಿ ಕೆರೆಗಳಿಂದ ಉಕ್ಕಿದ ನೀರೇ ಮಿಠಿ ನದಿಯಾಗಿ, ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಖಾಡಿ ಸೇರುತ್ತದೆ. ಉತ್ತರಕ್ಕೆ ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಅದರ ಪಕ್ಕದಲ್ಲೇ ಆರೇ ಕಾಲನಿ. ದುಡ್ಡಿದ್ದವರು ಎತ್ತರದ ಜಾಗ ಕೊಂಡರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿ, ಪರೇಲ್ ಲಾಲ್‌ಬಾಗಿನ ಚಾಳು ಬಿಟ್ಟು ಹೊರಟವರಿಗೆ ಸಿಕ್ಕಿದ್ದು ಗುಡ್ಡದ ಬುಡ, ನಾಲೆಯ ಅಂಚು, ಖಾಡಿಯ ಕೆಸರು. ಅಲ್ಲಿ ಮೊದಲಿನಿಂದ ಇದ್ದ ಒಕ್ಕಲು ಯಾರೆಂದು ಕೇಳಿದರೆ ಹಾವು ಮತ್ತು ಮೊಸಳೆ.

ಮೊದಲು ಮೊಸಳೆಯ ಮಾತು ಮುಗಿಸುತ್ತೇವೆ. ಅದರಿಂದ ನಮಗಿರುವ ಅಪಾಯ ಚಿಕ್ಕದು. ಇಂಗ್ಲಿಷ್ ಸಿನಿಮಾದಲ್ಲಿ ಕಾಣುವ ಅಲಿಗೇಟರ್ ಅಮೆರಿಕ ಮತ್ತು ಚೀನ ದೇಶದ ಪ್ರಾಣಿ. ನಮ್ಮಲ್ಲಿರುವುದು ಮಗರ್ ಎಂದು ಇಲ್ಲಿಯವರು ಕರೆಯುವ ಜೌಗಿನ ಮೊಸಳೆ. ಮೀನು ಅದರ ಮುಖ್ಯ ಆಹಾರ. ಬೇಸಗೆಗೆ ಮುಂಚೆ ದಂಡೆಯ ಮಣ್ಣು ತೋಡಿ ಮೊಟ್ಟೆಯಿಡುತ್ತದೆ. ತಾಯಿ ಅಲ್ಲೇ ಕಾವಲಿರುತ್ತದೆ. ಆ ದಂಡೆಯ ಮೇಲೆಯೇ ಮಹಾನಗರಪಾಲಿಕೆ ಸೈಕಲ್ ದಾರಿ ಕಟ್ಟಲು ಹೊರಟಾಗ 2022ರ ಮೇ ತಿಂಗಳಲ್ಲಿ ಮುಂಬಯಿ ಹೈಕೋರ್ಟು ಅದು ಕಾನೂನುಬಾಹಿರವೆಂದು ಹೇಳಿ ತೆಗೆಸಿತು. 2023ರ ಅಕ್ಟೋಬರಿನಲ್ಲಿ ದಾದರಿನ ಮುನಿಸಿಪಲ್ ಈಜುಕೊಳದಲ್ಲೇ ಒಂದು ಮೊಸಳೆ ಮರಿ ಸಿಕ್ಕಿತು. 2025ರ ಮಾರ್ಚಿನಲ್ಲಿ ಪೊವಾಯಿಯ ಐ.ಐ.ಟಿ. ಹತ್ತಿರದ ರಸ್ತೆಯಲ್ಲಿ ರಾತ್ರಿ ಹೊತ್ತು ಒಂದು ದೊಡ್ಡ ಮೊಸಳೆ ನಡೆದು ಹೋಯಿತು. ಯಾರನ್ನೂ ಹಿಡಿಯಲಿಲ್ಲ, ತನ್ನ ಪಾಡಿಗೆ ತಾನು ಹೋಯಿತು.

ನಮ್ಮಲ್ಲಿ ಕಾಸರಗೋಡು, ಕುಂಬಳೆ ಕಡೆಯವರು ಬಹಳ ಮಂದಿ ಇದ್ದಾರೆ. ಅನಂತಪುರ ಕ್ಷೇತ್ರದ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆಯನ್ನು ಚಿಕ್ಕಂದಿನಲ್ಲಿ ಕಂಡವರು ಅವರು. ನೈವೇದ್ಯದ ಅನ್ನ ಪಡೆಯುತ್ತಿದ್ದ ಆ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ಇಲ್ಲಿಂದ ಊರಿಗೆ ಎಷ್ಟೋ ಫೋನುಗಳು ಹೋದವು. ಆ ನಂಬಿಕೆಯ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಆ ಧೈರ್ಯವನ್ನು ಪೊವಾಯಿಗೆ ತರಬೇಡಿರೆಂದು ಕೈಮುಗಿದು ಕೇಳುತ್ತೇವೆ. ರಜೆಯ ದಿನ ಗಾಳ ಹಿಡಿದು ಸೊಂಟದ ಮಟ್ಟ ನೀರಿಗಿಳಿಯುವುದು, ಮುಸ್ಸಂಜೆ ದಂಡೆಯಲ್ಲಿ ಕುಳಿತು ಬಟ್ಟೆ ಒಗೆಯುವುದು, ಇವೆರಡನ್ನು ಬಿಟ್ಟರೆ ಸಾಕು. ಇನ್ನೊಂದುಂಟು. ಕೋಳಿ, ಮೀನು ಹೆಚ್ಚಿ ಉಳಿದದ್ದನ್ನು ಕೆರೆಗೆ ಸುರಿಯಲು ಹೇಳುವ ಧನಿಗಳಿದ್ದಾರೆ. ಅಮೆರಿಕದ ಫ್ಲೋರಿಡಾ ಪ್ರಾಂತದಲ್ಲಿ ಸುಮಾರು 13 ಲಕ್ಷ ಅಲಿಗೇಟರುಗಳಿವೆಯಂತೆ. ಅವಕ್ಕೆ ತಿನ್ನಲು ಹಾಕುವುದು ಅಲ್ಲಿ ಅಪರಾಧ. ಮನುಷ್ಯನ ಕೈಯಿಂದ ತಿಂದ ಪ್ರಾಣಿಗೆ ಮನುಷ್ಯನ ಹೆದರಿಕೆ ಹೋಗುತ್ತದೆ, ಇಷ್ಟೇ ಅದರ ಕಾರಣ. ಎಂಜಲು ಕೆರೆಗೆ ಹಾಕುವ ಕೆಲಸ ನಮ್ಮದಲ್ಲವೆಂದು ಹೇಳುವ ಹಕ್ಕು ನಮಗಿದೆ.

ಈಗ ಹಾವಿಗೆ ಬರೋಣ. ನಿಜವಾದ ವಿಚಾರ ಇದು.

ಪ್ರಾಣಕ್ಕೆ ಎರವಾಗುವ ಹಾವುಗಳಲ್ಲಿ ಮುಖ್ಯವಾದವು ನಾಲ್ಕು. ನಾಗರಹಾವು ಎಲ್ಲರಿಗೂ ಗೊತ್ತು. ಕೊಳಕುಮಂಡಲವನ್ನು ಮರಾಠಿಯವರು ಘೋಣಸ್ ಎನ್ನುತ್ತಾರೆ. ಕುಕ್ಕರಿನ ಸೀಟಿಯಂತೆ ಬುಸುಗುಟ್ಟುತ್ತದೆ. ಗರಗಸಮಂಡಲ ಅವರಿಗೆ ಫುರ್ಸೆ. ಗೇಣುದ್ದವಿದ್ದರೂ ಬಲು ಮುಂಗೋಪಿ. ನಾಲ್ಕನೆಯದು ಕಟ್ಟುಹಾವು, ನಮ್ಮ ಕೆಲವು ಕಡೆ ಕಡಂಬಳ, ಇಲ್ಲಿ ಮಣ್ಯಾರ್. ಕಪ್ಪು ಮೈಗೆ ತೆಳ್ಳಗೆ ಬಿಳಿ ಪಟ್ಟಿ. ಈ ಹೆಸರುಗಳನ್ನು ಎರಡು ಭಾಷೆಯಲ್ಲೂ ಕಲಿಯಿರಿ. ಪಕ್ಕದ ಖೋಲಿಯವರು "ಮಣ್ಯಾರ್, ಮಣ್ಯಾರ್" ಎಂದು ಕೂಗಿದಾಗ ಅದು ಯಾರದೋ ಹೆಸರೆಂದು ತಿಳಿದು ಮಗ್ಗುಲು ಬದಲಿಸಿ ಮಲಗಬಾರದಲ್ಲ.

ಕಟ್ಟುಹಾವು ರಾತ್ರಿಯ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಗಾಯವೂ ಕಾಣುವುದಿಲ್ಲ. ಬಂಧುಗಳೇ, ಈ ಶಹರದಲ್ಲಿ ನೆಲದ ಮೇಲೆ ಮಲಗುವವರು ಯಾರು? ರಾತ್ರಿ ಹನ್ನೆರಡಕ್ಕೆ ಬಾಗಿಲೆಳೆದ ಮೇಲೆ ಅಡಿಗೆಮನೆಯ ಹಿಂದೆ, ಅಕ್ಕಿ ಮೂಟೆ, ಉಳ್ಳಾಗಡ್ಡೆ ಚೀಲಗಳ ನಡುವೆ ಗೋಣಿ ಹಾಸಿ ಒರಗುವ ಕ್ಲೀನರ್ ಹುಡುಗ. ಗೋಡೆಯಾಚೆ ಎಂಜಲಿನ ಡಬ್ಬ. ಎಂಜಲಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ, ಮೋರಿಯ ತೂತಿನಿಂದ ಎರಡೂ ಒಳಗೆ ಬರುತ್ತವೆ. ಹಾವಿಗೆ ಹುಡುಗನ ಮೇಲೆ ಹಗೆಯಿಲ್ಲ. ಅವನನ್ನು ಅದರ ದಾರಿಯಲ್ಲಿ ಮಲಗಿಸಿದವರು ಬೇರೆ.

ಕೆಲವು ವರ್ಷಗಳ ಹಿಂದೆ ಉಪನಗರದ ಒಂದು ಹೋಟೆಲಿನಲ್ಲಿ ನಡೆದ ಸಂಗತಿ ಹೇಳುತ್ತೇವೆ. ಹೋಟೆಲಿನ ಹೆಸರು ಬೇಡ. ಶ್ರಾವಣದ ಮಳೆ. ಬೆಳಗಿನ ಜಾವ ಮೂರಕ್ಕೆ ಒಬ್ಬ ಹುಡುಗ ಹೊಟ್ಟೆನೋವೆಂದು ಎದ್ದ. ರಾತ್ರಿಯ ಉಳಿದ ಸಾಂಬಾರು ತಿಂದಿರಬೇಕು ಎಂದು ಮ್ಯಾನೇಜರು ಸೋಡಾ ಕುಡಿಸಿ ಮಲಗಿಸಿದರು. ಐದಕ್ಕೆ ಭಟ್ಟಿ ಹಚ್ಚಲು ಎದ್ದ ಅಡಿಗೆಯವರು ನೋಡುವಾಗ ಹುಡುಗನಿಗೆ ರೆಪ್ಪೆ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ, ಉಗುಳು ನುಂಗಲಾಗುತ್ತಿಲ್ಲ. ಅವರು ಕಾರ್ಕಳದ ಕಡೆಯವರು, ಗದ್ದೆಯಲ್ಲಿ ದುಡಿದು ಬಂದವರು. "ಇದು ಸಾಂಬಾರಲ್ಲ ಮಾರಾಯ್ರೆ, ಕಡಂಬಳ" ಎಂದರು. ಮ್ಯಾನೇಜರು ಒಬ್ಬ ಮಂತ್ರವಾದಿಯ ವಿಳಾಸ ಹೇಳಲು ಹೊರಟರು. ಅಡಿಗೆಯವರು ಕೇಳಲಿಲ್ಲ. ಹುಡುಗನನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು ಮುನಿಸಿಪಲ್ ಆಸ್ಪತ್ರೆಗೆ ಹೋದರು. ಔಷಧ ಕೊಟ್ಟು, ಉಸಿರಾಡಿಸುವ ಯಂತ್ರದ ಮೇಲೆ ಮೂರು ದಿನ ಇಟ್ಟರು. ಹುಡುಗ ಬದುಕಿದ. ತಿಂಗಳ ಕೊನೆಗೆ ನೋಡಿದರೆ ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನದ ಸಂಬಳ ಕಡಿತ! ಅಡಿಗೆಯವರಿಗೂ ಅರ್ಧ ದಿನದ್ದು ಹೋಗಿತ್ತು.

ಹಾವಿನ ವಿಷಕ್ಕೆ ಔಷಧ ಮಂತ್ರದಲ್ಲಿಲ್ಲ, ಕುದುರೆಯ ರಕ್ತದಲ್ಲಿದೆ. ಈ ವಿದ್ಯೆ ನಮ್ಮ ಗಿರಣಿ ಹಿರಿಯರಿಗೆ ನೆರೆಮನೆಯದಾಗಿತ್ತು. ಪರೇಲಿನ ಹಾಫ್‌ಕಿನ್ ಸಂಸ್ಥೆಯ ಗೇಟಿನ ಮುಂದೆ ಪಾಳಿಗೆ ಹೋಗಿ ಬಂದವರು ಎಷ್ಟು ಮಂದಿ ಇಲ್ಲಿ ಕುಳಿತಿಲ್ಲ! ಹಳೆಯ ಗವರ್ನರ್ ಬಂಗಲೆಗೆ 1899ರಲ್ಲಿ ಪ್ಲೇಗಿನ ಲಸಿಕೆಗಾಗಿ ಬಂದ ಪ್ರಯೋಗಶಾಲೆ ಅದು. 1925ರಲ್ಲಿ ಹಾಫ್‌ಕಿನ್ನರ ಹೆಸರು ಪಡೆಯಿತು. ಮುಂದೆ ಹಾವಿನ ವಿಷದ ಔಷಧಕ್ಕೂ ಹೆಸರಾಯಿತು. ನಾಲ್ಕೂ ಹಾವುಗಳ ವಿಷವನ್ನು ಕುದುರೆಗೆ ತಾಳುವಷ್ಟು ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ವಿಷನಿರೋಧಕವನ್ನು ಬೇರ್ಪಡಿಸಿ ಸೀಸೆಗೆ ತುಂಬುತ್ತಾರೆ. ಒಂದೇ ಔಷಧ ನಾಲ್ಕಕ್ಕೂ ನಡೆಯುತ್ತದೆ. ಆದುದರಿಂದ ಕಚ್ಚಿದ ಹಾವನ್ನು ಹುಡುಕಿ ಕೊಂದು ಡಾಕ್ಟರಿಗೆ ತೋರಿಸುವ ಅಗತ್ಯವಿಲ್ಲ. ಹುಡುಕುವವನಿಗೆ ಇನ್ನೊಂದು ಕಡಿತವಾದರೆ ಅದೇ ಲಾಭ.

ಕಚ್ಚಿದ ಕೂಡಲೇ ಮಾಡಬೇಕಾದ್ದು ಸ್ವಲ್ಪವೇ. ಕಚ್ಚಿಸಿಕೊಂಡವನನ್ನು ಓಡಿಸಬಾರದು, ನಡೆಸಲೂಬಾರದು. ಕೈಕಾಲು ಅಲುಗದಂತೆ ಮಲಗಿಸಿ, ಉಂಗುರ, ಬಳೆ, ವಾಚು ತೆಗೆದು, 108ಕ್ಕೆ ಫೋನ್ ಮಾಡಿ ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ಕೆ.ಇ.ಎಂ., ಸಾಯನ್, ಕೂಪರ್, ರಾಜಾವಾಡಿಯಂಥ ಹತ್ತಿರದ ದೊಡ್ಡ ಮುನಿಸಿಪಲ್ ಆಸ್ಪತ್ರೆಗೆ ಒಯ್ಯಬೇಕು. ಹಗ್ಗದಿಂದ ಬಿಗಿದು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಯಿಂದ ಹೀರುವುದು, ಇವು ಸಿನಿಮಾದ ಚಿಕಿತ್ಸೆ. ಇವುಗಳಿಂದ ಕಾಲು ಕಳಕೊಂಡವರುಂಟು. ಕಚ್ಚದೆ ಬರೇ ಕಂಡಿತೆಂದಾದರೆ ಅರಣ್ಯ ಇಲಾಖೆಯ 1926 ನಂಬರಿದೆ. ಕೋಲು ಎತ್ತಬೇಡಿ. 1972ರ ಕಾಯಿದೆಯ ಪ್ರಕಾರ ಅದು ಅಪರಾಧವೂ ಹೌದು. ಅದಲ್ಲದೆ ನೀವು ಹೊಡೆಯುವುದು ಬಹಳ ಸಲ ಇಲಿ ತಿನ್ನುವ ಬಡಪಾಯಿ ಕೇರೆಹಾವನ್ನೇ. ನಾಗರಪಂಚಮಿಗೆ ಊರಿಗೆ ಹೋಗಿ ಬನದ ಕಲ್ಲಿಗೆ ಹಾಲೆರೆದು, ಮರುವಾರ ಇಲ್ಲಿ ಬಂದು ಜೀವದ ಹಾವಿಗೆ ಸೋಂಟೆ ಎತ್ತುವ ನಮ್ಮ ರೀತಿಗೆ ಬಸವಣ್ಣನವರು ಆ ಕಾಲದಲ್ಲೇ ಛೀಮಾರಿ ಹಾಕಿದ್ದಾರೆ.

ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ವರ್ಷಕ್ಕೆ ಸರಾಸರಿ 58 ಸಾವಿರ. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೆಚ್ಚಿನವರು ಹಳ್ಳಿಯವರು, ಅಂದರೆ ಊರಲ್ಲಿ ಗದ್ದೆ ನೋಡಿಕೊಂಡಿರುವ ನಮ್ಮ ಅಪ್ಪ, ಅಕ್ಕ, ತಮ್ಮಂದಿರು. ಕರ್ನಾಟಕ ಸರಕಾರ 2024ರಲ್ಲಿ ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಕಡ್ಡಾಯ ಮಾಡಿತು. ಒಳ್ಳೆಯ ಕೆಲಸ. ಲೆಕ್ಕಕ್ಕೆ ಬಾರದ ಸಾವಿಗೆ ಔಷಧವೂ ಬರುವುದಿಲ್ಲ. ಈ ಮಾತನ್ನು ಊರಿಗೆ ಫೋನ್ ಮಾಡುವಾಗ ತಿಳಿಸಿರಿ.

2005ರ ಜುಲೈ 26ನ್ನು ನೆನೆಸಿಕೊಳ್ಳಿರಿ. ಸಾಂತಾಕ್ರೂಜಿನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ. ಮಿಠಿ ಉಕ್ಕಿ ಕುರ್ಲಾ, ಕಲಿನಾದ ಮನೆಗಳಿಗೆ ನುಗ್ಗಿತು. ಅಂಥ ನೆರೆಯಲ್ಲಿ ಬಿಲ ಕಳೆದುಕೊಂಡ ಹಾವೂ ಒಣ ಜಾಗ ಹುಡುಕುತ್ತದೆ, ಖೋಲಿ ಕಳೆದುಕೊಂಡ ನಾವೂ ಹುಡುಕುತ್ತೇವೆ. ಅಟ್ಟದ ಮೇಲೆ, ಕಪಾಟಿನ ಹಿಂದೆ ಕೈ ಹಾಕುವ ಮುನ್ನ ಬ್ಯಾಟರಿ ಬಿಟ್ಟು ನೋಡಬೇಕು.

ಇನ್ನು ಸಂಘದ ಬೇಡಿಕೆ. ಹೋಟೆಲಿನಲ್ಲೇ ಮಲಗುವ ಪ್ರತಿಯೊಬ್ಬನಿಗೂ ನೆಲದಿಂದ ಎತ್ತರದ ಮಂಚ ಮತ್ತು ಸೊಳ್ಳೆಪರದೆ ಬೇಕು. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದರೆ ಕಟ್ಟುಹಾವು ಒಳಬರಲಾರದು. ಹಿತ್ತಿಲಿಗೆ ಮತ್ತು ಸಂಡಾಸಿನ ದಾರಿಗೆ ದೀಪ, ಮೋರಿಯ ಬಾಯಿಗೆ ಜಾಳಿಗೆ, ಎಂಜಲಿಗೆ ಮುಚ್ಚಳದ ಡಬ್ಬ, ಮೋರಿ ತೆಗೆಯುವವನಿಗೆ ಗಮ್‌ಬೂಟು. ಒಂದು ದಿನದ ಗಲ್ಲಾದಲ್ಲಿ ಇಷ್ಟೂ ಬರುತ್ತದೆ. ಆ ಹುಡುಗನ ಹೋಟೆಲಿನಲ್ಲಿ ನಾವು ಐವರು ಹೋಗಿ ಧನಿಯ ಮುಂದೆ ಕುಳಿತೆವು. ಎರಡು ತಿಂಗಳು ಎಳೆದಾಡಿದ ಮೇಲೆ ಒಂಬತ್ತು ಮಂಚ ಬಂದವು. ಕಡಿದ ಸಂಬಳ ಮಾತ್ರ ಇನ್ನೂ ಬಂದಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಎಲ್ಲಿ ಕಚ್ಚಿತೆಂದು ಬರೆದಿರಲಿಲ್ಲ. ತಮ್ಮಲ್ಲಿ ಕಚ್ಚಿದ್ದೇ ಅಲ್ಲವೆಂದು ಧನಿಯ ವಾದ. 1923ರ ಪರಿಹಾರ ಕಾಯಿದೆಯಿಂದ ಇಂದಿನ ಸಾಮಾಜಿಕ ಭದ್ರತಾ ಸಂಹಿತೆಯವರೆಗೂ, ಕೆಲಸದ ಕಾರಣದಿಂದ ಕೆಲಸದ ಅವಧಿಯಲ್ಲಿ ಆದ ಅಪಘಾತಕ್ಕೆ ಮಾಲೀಕನೇ ಹೊಣೆ ಎಂಬ ಮಾತಿದೆ. ಆದರೆ ಅದನ್ನು ರುಜು ಮಾಡಲು ಕಾಗದ ಬೇಕು. ಆದ್ದರಿಂದ ಜತೆಗೆ ಹೋದವನು ಹಾವು ಕಚ್ಚಿದ ಸ್ಥಳ, ಹೊತ್ತು, ಹೋಟೆಲಿನ ಹೆಸರು ಮೂರನ್ನೂ ಕೇಸ್ ಪೇಪರಿನಲ್ಲಿ ಬರೆಸಿಕೊಂಡೇ ಬರತಕ್ಕದ್ದು.

ಮಳೆ ಹಿಡಿಯಲು ಇನ್ನು ಹೆಚ್ಚು ದಿನವಿಲ್ಲ. ಬಾಗಿಲ ಬಳಿ ಕಾರ್ಯದರ್ಶಿಗಳು ಒಂದು ಪುಸ್ತಕ ಹಿಡಿದು ಕುಳಿತಿದ್ದಾರೆ. ನಿಮ್ಮ ಹೋಟೆಲಿನಲ್ಲಿ ಎಷ್ಟು ಮಂದಿ ನೆಲದ ಮೇಲೆ ಮಲಗುತ್ತಾರೆ, ಹಿತ್ತಿಲಲ್ಲಿ ದೀಪ ಇದೆಯೇ ಇಲ್ಲವೇ, ಇಷ್ಟನ್ನು ಬರೆಸಿ ಚಹಾ ಕುಡಿದು ಹೋಗಿರಿ. ಹೆಸರು ಹೇಳಲು ಹೆದರುವವರು ಹೋಟೆಲಿನ ವಿಳಾಸ ಮಾತ್ರ ಕೊಟ್ಟರೂ ಸಾಕು. ಭಾನುವಾರದಿಂದ ನಾವು ಒಂದೊಂದಕ್ಕೇ ಹೋಗಿ ನೋಡುತ್ತೇವೆ.