ಮಗು ಮೊದಲು ನಮ್ಮ ಮುಖ ಓದುತ್ತದೆ
(ತಾಯಂದಿರ ಸಭೆಯಲ್ಲಿ ನೀಡಿದ ಉಪನ್ಯಾಸ)



ಮನೆಗೆ ಹೊಸಬರು ಬಂದರೆ ಕೂಸು ಅವರನ್ನು ನೋಡಿ, ತಕ್ಷಣ ತಿರುಗಿ ಅಮ್ಮನ ಮುಖ ನೋಡುತ್ತದೆ. ಅಮ್ಮ ನಕ್ಕರೆ ತಾನೂ ನಗುತ್ತದೆ. ಅಮ್ಮ ಮುಖ ಗಂಟಿಕ್ಕಿದರೆ ಸೆರಗು ಹಿಡಿಯುತ್ತದೆ. ನಾವೆಲ್ಲ ಇದನ್ನು ಕಂಡವರೇ.

1985ರಲ್ಲಿ ಅಮೆರಿಕದ ಸಂಶೋಧಕರು ಇಂಥದೇ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಒಂದು ಮೇಜಿಗೆ ಗಟ್ಟಿ ಗಾಜು ಹಾಸಿದ್ದರು. ಗಾಜಿನ ಕೆಳಗೆ ಸುಮಾರು ಒಂದು ಅಡಿ ತಗ್ಗು ಕಾಣುತ್ತಿತ್ತು. ಈಚೆ ಒಂದು ವರ್ಷದ ಮಗು, ಆಚೆ ತಾಯಿ. ತಾಯಿ ಮಾತಾಡುವ ಹಾಗಿಲ್ಲ, ಮುಖ ಮಾತ್ರ ತೋರಿಸಬೇಕು. ನಗುಮುಖ ಕಂಡ 19 ಮಕ್ಕಳಲ್ಲಿ 14 ಮಕ್ಕಳು ಅಂಬೆಗಾಲಿಟ್ಟು ದಾಟಿದವು. ಹೆದರಿದ ಮುಖ ಕಂಡ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ!

ಅಂದರೆ ಮಾತು ಬರುವ ಮೊದಲೇ ಮಗು ನಮ್ಮ ಮುಖ ಓದುತ್ತದೆ. ಆದರೆ ತನ್ನೊಳಗೆ ಆಗುವುದನ್ನು ಏನೆಂದು ಕರೆಯಬೇಕೋ ಅದಕ್ಕೆ ತಿಳಿಯದು. ಆ ಹೆಸರನ್ನು ನಾವೇ ಕಲಿಸಬೇಕು.

ನಾವು ಭೇಟಿ ಕೊಡುತ್ತಿದ್ದ ಒಂದು ಅಂಗನವಾಡಿಯಲ್ಲಿ ಮೂರೂವರೆ ವರ್ಷದ ಹುಡುಗನೊಬ್ಬ ಆಗಾಗ ಬೇರೆ ಮಕ್ಕಳನ್ನು ಕಚ್ಚುತ್ತಿದ್ದ. ನಾವೂ ಗದರಿಸಿ ಮೂಲೆಯಲ್ಲಿ ಕೂರಿಸಿದೆವು. ಮನೆಗೆ ಹೋಗಿ ವಿಚಾರಿಸಿದಾಗ ಗೊತ್ತಾಯಿತು, ಅಪ್ಪ ಕುಡಿದು ಬಂದು ಗಲಾಟೆ ಮಾಡಿದ ಮಾರನೆಯ ದಿನವೇ ಅವನು ಕಚ್ಚುತ್ತಿದ್ದ. ಅವನಿಗೆ ಇದ್ದದ್ದು ಹೆದರಿಕೆ, ನಮಗೆ ಕಂಡದ್ದು ಹಟ. ತಪ್ಪು ನಮ್ಮದು.

ಆಮೇಲೆ ಕಾರ್ಯಕರ್ತೆ ಅವನನ್ನು ಹತ್ತಿರ ಕೂರಿಸಿಕೊಂಡು, "ಹೆದರಿಕೆ ಆಗಿದ್ಯಾ ಮಗಾ? ಹೆದರಿಕೆ ಆದ್ರೆ ನನ್ನ ಹತ್ರ ಬಾ. ಕಚ್ಚಿದ್ರೆ ಅವಳಿಗೆ ನೋವಾಗುತ್ತೆ, ನೋಡು" ಎನ್ನತೊಡಗಿದರು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವನೇ ಬಂದು "ಟೀಚರ್, ಇವತ್ತು ಹೆದರಿಕೆ" ಅಂದ. ಆ ದಿನ ಯಾರನ್ನೂ ಕಚ್ಚಲಿಲ್ಲ. ಅಪ್ಪನ ಕುಡಿತ ಆಗಿನ್ನೂ ನಿಂತಿರಲಿಲ್ಲ. ಆದರೆ ಹುಡುಗನಿಗೆ ಹೇಳಿಕೊಳ್ಳಲು ಒಂದು ಮಾತು, ಕೇಳಲು ಒಬ್ಬರು ಸಿಕ್ಕಿದ್ದರು.

ಆದ್ದರಿಂದ "ಅಳಬೇಡ, ಗುಮ್ಮ ಬರ್ತಾನೆ", "ಗಂಡು ಹುಡುಗ ಆಗಿ ಅಳ್ತೀಯಾ?" ಎನ್ನುವುದನ್ನು ಬಿಡೋಣ. ಕೋಪ ಬಂದದ್ದು ತಪ್ಪಲ್ಲ, ಹೊಡೆದದ್ದು ತಪ್ಪು ಎಂದು ಬಿಡಿಸಿ ಹೇಳೋಣ. ನಮಗೇ ಸಿಟ್ಟು ಬಂದಾಗ ಕೈ ಎತ್ತುವ ಬದಲು, "ಅಮ್ಮಂಗೆ ಈಗ ಸಿಟ್ಟು ಬಂದಿದೆ, ಆಮೇಲೆ ಮಾತಾಡ್ತೀನಿ" ಅನ್ನೋಣ. ಅದನ್ನು ನೋಡಿಯೇ ಮಗು ಕಲಿಯುತ್ತದೆ.

ಈಗ ನೀವು ಮನೆಗೆ ಹೋದ ಕೂಡಲೇ ಮಗು ಓಡಿ ಬಂದು ಮೊದಲು ನಿಮ್ಮ ಮುಖ ನೋಡುತ್ತದೆ. ಕೈಯಲ್ಲಿನ ಚೀಲ ಕೆಳಗಿಟ್ಟು, ನೀವೂ ಒಂದು ಕ್ಷಣ ಅದರ ಮುಖ ನೋಡಿ.